ಕಾಲು ಹೋದ ಮೇಲೂ ಕಾಲು ನೋಯ್ತದೆ: ನಮ್ಮ ಐದು ತಾಲ್ಲೂಕಿನಲ್ಲಿ ಕೇಳೋರು ಯಾರು?

ಕೂಡ್ಲಿಗಿ: ಅಪಘಾತದಲ್ಲೋ, ಸಕ್ಕರೆ ಕಾಯಿಲೆಯಿಂದಲೋ ಕಾಲು ಕಳೆದುಕೊಂಡವರಿಗೆ ನಮ್ಮ ಕಡೆ ಸಿಗೋದು ಏನು? ಒಂದು ಪ್ರಮಾಣಪತ್ರ, ಒಂದು ಯುಡಿಐಡಿ ಕಾರ್ಡ್, ತಿಂಗಳ ಮಾಸಾಶನ. ಅದೃಷ್ಟ ಇದ್ದರೆ ಒಂದು ತ್ರಿಚಕ್ರ ವಾಹನ. ಎಲ್ಲಾದರೂ ಕ್ಯಾಂಪ್ ನಡೆದರೆ ಒಂದು ಕೃತಕ ಕಾಲು, ಗಣ್ಯರ ಜೊತೆ ಒಂದು ಫೋಟೊ. ಅಲ್ಲಿಗೆ ಕಡತ ಮುಚ್ಚಿತು.

ಆದರೆ ಆ ಮನುಷ್ಯನಿಗೆ ರಾತ್ರಿ ಹನ್ನೊಂದು ಗಂಟೆಗೆ, ಇಲ್ಲದ ಪಾದದ ಹೆಬ್ಬೆರಳು ಉರಿಯೋಕೆ ಶುರುವಾದರೆ ಏನು ಮಾಡಬೇಕು? ಯಾವ ಕಚೇರಿಯ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಐದೂ ಕಡೆ ಉತ್ತರ ಕೊಡೋರು ಕಡಿಮೆ. ಹೀಗಾಗಿ ಅವರು ಮೆಡಿಕಲ್ ಶಾಪ್‌ಗೆ ಹೋಗಿ ನೋವಿನ ಮಾತ್ರೆ ತಗೋತಾರೆ, ಇಲ್ಲಾಂದ್ರೆ ಹಲ್ಲು ಕಚ್ಚಿ ಸುಮ್ಮನಿರ್ತಾರೆ.

ಈ ನೋವಿಗೆ ಪರಿಹಾರ ಹುಡುಕೋದಕ್ಕೆ ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ಅದರಲ್ಲಿ ಒಂದು ಸಾಧನ ನಿಮ್ಮೂರಿನ ಗ್ಲಾಸ್ ಅಂಗಡಿಯಲ್ಲೇ ಇದೆ. ಅದಕ್ಕೇ ಈ ಬರಹ.

ಕಾಲೇ ಇಲ್ಲ, ನೋವೆಲ್ಲಿಂದ ಬಂತು?

ಮನೆಯವರು ಮೊದಲು ಕೇಳೋ ಪ್ರಶ್ನೆ ಇದೇ. ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. "ತಲೆ ಕೆಟ್ಟೈತಿ" ಅಂತಾರೆ, "ಗಾಳಿ ಹಿಡಿದೈತಿ" ಅಂತಾರೆ, "ಕೆಲಸ ಮಾಡೋಕೆ ಮನಸ್ಸಿಲ್ಲ, ನೆವ ಹೇಳ್ತಾನೆ" ಅಂತಲೂ ಅಂತಾರೆ. ಹೀಗೆ ಅನ್ನಿಸಿಕೊಳ್ಳೋ ಬದಲು ಸುಮ್ಮನಿರೋದೇ ಮೇಲು ಅಂತ ನೋವಿರೋರು ಬಾಯಿ ಮುಚ್ಚಿಕೊಳ್ತಾರೆ.

ಇದು ನೆವ ಅಲ್ಲ. ವೈದ್ಯರು ಇದಕ್ಕೆ ಫ್ಯಾಂಟಮ್ ಲಿಂಬ್ ಪೇನ್ ಅಂತ ಹೆಸರಿಟ್ಟಿದ್ದಾರೆ. ಅಂದರೆ ಇಲ್ಲದ ಅಂಗದ ನೋವು. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿದ್ದ ಡಾಕ್ಟರ್ ಸೈಲಾಸ್ ವೀರ್ ಮಿಚೆಲ್ 1871ರಲ್ಲೇ ಈ ಇಲ್ಲದ ಅಂಗದ ಬಗ್ಗೆ ಬರೆದಿದ್ದರು. ಅಂಗ ಕತ್ತರಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಕಾಡುತ್ತದೆ ಅನ್ನೋದು ಈಗಿನ ಅಧ್ಯಯನಗಳ ಲೆಕ್ಕ. ಸಾಮಾನ್ಯವಾಗಿ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಹೋಗೋದಿಲ್ಲ.

ಬೋರ್‌ವೆಲ್ ಇರೋರಿಗೆ ಇದು ಬೇಗ ಅರ್ಥ ಆಗುತ್ತದೆ. ಹೊಲದ ಮೋಟರ್ ಕಿತ್ತು ರಿಪೇರಿಗೆ ಒಯ್ದರೂ, ಕಂಬದಿಂದ ಸ್ಟಾರ್ಟರ್ ಬಾಕ್ಸ್‌ಗೆ ಕರೆಂಟ್ ಬರ್ತಾನೇ ಇರ್ತದೆ. ಕಡಿದ ವೈರಿನ ತುದಿ ಕಿಡಿ ಹಾರಿಸ್ತದೆ. ದೇಹದಲ್ಲೂ ಹೀಗೇ. ಕಾಲು ಹೋಯಿತು, ಆದರೆ ಮಿದುಳಿನಲ್ಲಿ ಆ ಕಾಲಿಗೆ ಅಂತ ಇದ್ದ ಜಾಗ ಹೋಗಿಲ್ಲ. ಕತ್ತರಿಸಿದ ನರದ ತುದಿ ಗಂಟು ಕಟ್ಟಿಕೊಂಡು ತಪ್ಪು ಸಂದೇಶ ಕಳಿಸ್ತದೆ. ಮಿದುಳು ಅದನ್ನು "ಪಾದ ಉರೀತಿದೆ", "ಬೆರಳು ತಿರುಚಿಕೊಂಡಿದೆ", "ಶಾಕ್ ಹೊಡೀತು" ಅಂತ ಓದಿಕೊಳ್ತದೆ. ಪಾದ ಸುಳ್ಳು, ನೋವು ನಿಜ.

ಇದರ ಜೊತೆ ಇನ್ನೊಂದು ನೋವೂ ಇದೆ. ಅದು ಉಳಿದಿರುವ ಕಾಲಿನ ತುದಿಯದ್ದು. ಆಸ್ಪತ್ರೆಯವರು ಆ ಭಾಗಕ್ಕೆ ಸ್ಟಂಪ್ ಅಂತಾರೆ. ಅಲ್ಲಿ ಸೋಂಕು ಆಗಿರಬಹುದು, ನರದ ಗಂಟು ಇರಬಹುದು, ಮೂಳೆ ಚುಚ್ಚುತ್ತಿರಬಹುದು, ಕೃತಕ ಕಾಲಿನ ಸಾಕೆಟ್ ಒತ್ತುತ್ತಿರಬಹುದು. ಎರಡೂ ನೋವು ಬೇರೆ ಬೇರೆ, ಎರಡಕ್ಕೂ ಚಿಕಿತ್ಸೆಯೂ ಬೇರೆ. ಯಾವ ನೋವು ಅಂತ ಗುರುತಿಸದೆ ಕೊಡೋ ಮಾತ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಎಣಿಕೆಯಲ್ಲಿ ಕಾಲು ಇದೆ, ನೋವು ಇಲ್ಲ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಅದರಲ್ಲಿ ಓಡಾಟದ ತೊಂದರೆ ಇರೋರು 2.71 ಲಕ್ಷ. ಪೋಲಿಯೊ ಆದವರು, ಪೆಟ್ಟು ಬಿದ್ದವರು, ಕಾಲು ಕತ್ತರಿಸಿದವರು ಎಲ್ಲ ಅದೇ ಒಂದು ಕಾಲಂನಲ್ಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿತು, ಅಲ್ಲೂ ಕಾಲು ಕಳೆದುಕೊಂಡವರಿಗೆ ಪ್ರತ್ಯೇಕ ಹೆಸರಿಲ್ಲ. ಚಲನೆಯ ಅಂಗವೈಕಲ್ಯ ಅನ್ನೋ ದೊಡ್ಡ ಗುಂಪಿನೊಳಗೆ ಅವರೂ ಸೇರಿಕೊಂಡರು.

ಪ್ರಮಾಣಪತ್ರದ ಶೇಕಡಾ ಲೆಕ್ಕವೂ ಮುಖ್ಯವಾಗಿ ಕಾಲು ಎಲ್ಲಿ ಕತ್ತರಿಸಿದೆ ಅನ್ನೋದರ ಮೇಲೆ ನಿಂತಿದೆ. ಮೊಣಕಾಲ ಮೇಲೆ ಹೋದರೆ ಹೆಚ್ಚು, ಕೆಳಗೆ ಹೋದರೆ ಕಡಿಮೆ. ಆದರೆ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಅಂಶ ಇದೆ. 2018ರ ಮೌಲ್ಯಮಾಪನ ಮಾರ್ಗಸೂಚಿಯಲ್ಲಿ ನರದ ಗಂಟು, ಸೋಂಕು, ಕೀಲು ಬಿಗಿತದಂಥ ತೊಡಕುಗಳಿಗೆ ಹೆಚ್ಚುವರಿ ಶೇ 10 ಸೇರಿಸಲು ಅವಕಾಶ ಕೊಟ್ಟಿದ್ದರು. ಅಂದರೆ ತಪಾಸಣೆಗೆ ಹೋದಾಗ ಬಾಯಿ ಬಿಟ್ಟು ಹೇಳಬೇಕು. "ಇಲ್ಲಿ ಮುಟ್ಟಿದರೆ ಶಾಕ್ ಹೊಡೀತದೆ ಸರ್" ಅಂತ ಹೇಳದಿದ್ದರೆ ಡಾಕ್ಟರ್ ಬರೆಯೋದು ಹೇಗೆ?

ನಮ್ಮ ಕಡೆ ಕಾಲು ಹೋಗೋ ದಾರಿಗಳು ಎಲ್ಲರಿಗೂ ಗೊತ್ತಿರೋವೇ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ, ಬೈಕು. ಸುಗ್ಗಿಯಲ್ಲಿ ಮೆಕ್ಕೆಜೋಳದ ಒಕ್ಕಣೆ ಮಶೀನು, ಮೇವು ಕತ್ತರಿಸೋ ಮಶೀನು ಕೈ ಎಳೆದುಕೊಳ್ಳೋದು. ಬೀಡಿ ಸೇದಿ ಸೇದಿ ರಕ್ತನಾಳ ಕಟ್ಟಿ ಬೆರಳು ಕಪ್ಪಾಗೋದು. ಎಲ್ಲಕ್ಕಿಂತ ಸದ್ದಿಲ್ಲದ ದಾರಿ ಸಕ್ಕರೆ ಕಾಯಿಲೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗಲ್ಲ, ಗಾಯ ಮಾಯಲ್ಲ, ಕೊನೆಗೆ ಗ್ಯಾಂಗ್ರೀನ್. ದಿನಪೂರ್ತಿ ಗಲ್ಲಾ ಮುಂದೆ ಕೂತಿರೋ ಅಂಗಡಿ ಮಾಲೀಕರು ಈ ಮಾತು ಸ್ವಲ್ಪ ಗಮನ ಕೊಟ್ಟು ಓದಿ.

ಕತ್ತರಿಸೋ ಮೊದಲೇ ಕಾಲಿನಲ್ಲಿ ತುಂಬಾ ದಿನ ನೋವಿದ್ದವರಿಗೆ ಆಮೇಲೆ ಇಲ್ಲದ ಕಾಲಿನ ನೋವು ಬರುವ ಸಂಭವ ಜಾಸ್ತಿ. ಹಾಗಾಗಿ ಆಪರೇಷನ್‌ಗೆ ಸಹಿ ಹಾಕೋ ದಿನವೇ ಮನೆಯವರು ಕೇಳಬೇಕು: "ನೋವಿಗೆ ಮೊದಲೇ ಏನು ಮಾಡ್ತೀರಿ ಡಾಕ್ಟ್ರೇ?"

ಕನ್ನಡಿ ಮಾಡೋ ಕೆಲಸ

ಈಗ ಆ ಗ್ಲಾಸ್ ಅಂಗಡಿ ವಿಷಯಕ್ಕೆ ಬರೋಣ. ವಿ.ಎಸ್. ರಾಮಚಂದ್ರನ್ ಅಂತ ಒಬ್ಬ ನರವಿಜ್ಞಾನಿ. ಹುಟ್ಟಿದ್ದು ತಮಿಳುನಾಡಿನಲ್ಲಿ, ಓದಿದ್ದು ಚೆನ್ನೈನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಲ್ಲಿ, ಕೆಲಸ ಮಾಡಿದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. 1990ರ ದಶಕದಲ್ಲಿ ಅವರು ಒಂದು ಪೆಟ್ಟಿಗೆಯೊಳಗೆ ಕನ್ನಡಿ ನಿಲ್ಲಿಸಿ, ಕೈ ಕಳೆದುಕೊಂಡವರಿಗೆ ಇರುವ ಕೈಯನ್ನು ಅದರ ಮುಂದೆ ಇಡಲು ಹೇಳಿದರು. ಕನ್ನಡಿಯಲ್ಲಿ ಕಾಣೋದು ಇರುವ ಕೈಯ ಪ್ರತಿಬಿಂಬ. ಆದರೆ ನೋಡೋರಿಗೆ ಹೋದ ಕೈಯೇ ವಾಪಸ್ ಬಂದ ಹಾಗೆ ಕಾಣುತ್ತದೆ. ಮುಷ್ಟಿ ಬಿಚ್ಚಿದರೆ ಎರಡೂ ಮುಷ್ಟಿ ಬಿಚ್ಚಿದಂತೆ. ವರ್ಷಗಳಿಂದ ಬಿಗಿಹಿಡಿದಿದ್ದ ಇಲ್ಲದ ಕೈ ಸಡಿಲ ಆಯಿತು ಅಂತ ಕೆಲವರು ಹೇಳಿದರು.

2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ ಹೊರಬಂತು. ಪೂರ್ತಿ ಮುಗಿಸಿದವರು 18 ಜನ, ಆರಾರು ಜನರ ಮೂರು ಗುಂಪು. ಒಂದು ಗುಂಪಿಗೆ ಕನ್ನಡಿ, ಇನ್ನೊಂದಕ್ಕೆ ಬಟ್ಟೆ ಮುಚ್ಚಿದ ಕನ್ನಡಿ, ಮತ್ತೊಂದಕ್ಕೆ ಕಣ್ಣು ಮುಚ್ಚಿ ಊಹಿಸಿಕೊಳ್ಳೋದು. ದಿನಕ್ಕೆ 15 ನಿಮಿಷ, ನಾಲ್ಕು ವಾರ. ಕನ್ನಡಿ ಗುಂಪಿನ ಆರೂ ಜನರಿಗೆ ನೋವು ಇಳಿಯಿತು. ಮುಚ್ಚಿದ ಕನ್ನಡಿಯವರಲ್ಲಿ ಇಳಿದದ್ದು ಒಬ್ಬರಿಗೆ ಮಾತ್ರ. ಊಹಿಸಿಕೊಂಡವರಲ್ಲಿ ಇಬ್ಬರಿಗೆ ಇಳಿಯಿತು, ನಾಲ್ವರಿಗೆ ಜಾಸ್ತಿಯೇ ಆಯಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಇದು ಸಣ್ಣ ಪರೀಕ್ಷೆ. ಆಮೇಲೆ ನಡೆದ ಅಧ್ಯಯನಗಳಲ್ಲಿ ಫಲ ಎಲ್ಲ ಕಡೆ ಒಂದೇ ರೀತಿ ಬಂದಿಲ್ಲ. ಕೆಲವರಿಗೆ ತುಂಬಾ ಉಪಯೋಗ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಆದರೂ ವೈದ್ಯರು ಇದನ್ನು ಬಿಟ್ಟಿಲ್ಲ. ಯಾಕೆಂದರೆ ಖರ್ಚು ಕಡಿಮೆ, ಅಪಾಯ ಕಡಿಮೆ, ಮನೆಯಲ್ಲೇ ಮಾಡಬಹುದು. ತಾನೇ ಒಂದು ಕಾಲು ಕಳೆದುಕೊಂಡ ಕೆನಡಾದ ಸ್ಟೀಫನ್ ಸಮ್ನರ್ ಅನ್ನೋರು ಸೈಕಲ್ ಮೇಲೆ ಕನ್ನಡಿ ಕಟ್ಟಿಕೊಂಡು, ನೆಲಬಾಂಬಿಗೆ ಕಾಲು ಕಳೆದುಕೊಂಡ ಕಾಂಬೋಡಿಯಾದ ಹಳ್ಳಿಗರಿಗೆ ಇದನ್ನು ಕಲಿಸಿದರು. ಅಲ್ಲಿನ ಹಳ್ಳಿಯಲ್ಲಿ ಸಾಧ್ಯ ಆದದ್ದು ಉಜ್ಜಿನಿಯಲ್ಲಿ, ಮೈಲಾರದಲ್ಲಿ ಯಾಕೆ ಆಗಬಾರದು?

ಮಾಡೋದು ಹೇಗೆ

ಮೊದಲು ಡಾಕ್ಟರಿಗೋ ಫಿಸಿಯೊಥೆರಪಿಸ್ಟ್‌ಗೋ ತೋರಿಸಿ, ಸ್ಟಂಪ್‌ನಲ್ಲಿ ಸೋಂಕು, ಗಾಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸಾಧ್ಯ ಆದರೆ ಮೊದಲ ಒಂದೆರಡು ಸಲ ಅವರ ಮುಂದೆಯೇ ಮಾಡಿ. ಆಮೇಲೆ ಮನೆಯಲ್ಲಿ ಹೀಗೆ:

ಕಾಲಿಗೆ ಬೇಕಾದರೆ ಉದ್ದನೆಯ ಕನ್ನಡಿ ಬೇಕು, ತೊಡೆಯಿಂದ ಪಾದದವರೆಗೆ ಬರುವಷ್ಟು. ಕೈಗೆ ಚಿಕ್ಕದು ಸಾಕು. ಅಂಚು ಉಜ್ಜಿಸಿ, ಹಿಂದೆ ಹಲಗೆ ಹಾಕಿಸಿ. ಒಡೆಯದ ಪ್ಲಾಸ್ಟಿಕ್ ಕನ್ನಡಿ ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು, ಸಕ್ಕರೆ ಕಾಯಿಲೆ ಇರೋರಿಗೆ ಗಾಜು ತಾಗೋದು ಬೇಡ.

ಮಂಚದ ಮೇಲೆ ಕಾಲು ಚಾಚಿ ಕೂತು, ಎರಡೂ ಕಾಲಿನ ನಡುವೆ ಕನ್ನಡಿ ನಿಲ್ಲಿಸಿ. ಹೊಳೆಯೋ ಮುಖ ಇರುವ ಕಾಲಿನ ಕಡೆ. ಸ್ಟಂಪ್ ಕನ್ನಡಿ ಹಿಂದೆ ಮರೆಯಾಗಬೇಕು. ಕಾಲುಂಗುರ, ಕಾಲ್ಗೆಜ್ಜೆ, ದಾರ ಇದ್ದರೆ ತೆಗೆಯಿರಿ; ಹೋದ ಕಾಲಿನಲ್ಲಿ ಅದು ಇರಲ್ಲವಲ್ಲ, ಮಿದುಳಿಗೆ ಅನುಮಾನ ಬರಬಾರದು. ಇರುವ ಪಾದವನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ, ಬೆರಳು ಬಿಚ್ಚಿ, ಮಡಚಿ. ಕಣ್ಣು ಕನ್ನಡಿ ಮೇಲೆಯೇ ಇರಲಿ. ಎರಡೂ ಕಾಲು ಆಡ್ತಿವೆ ಅಂತ ಅಂದುಕೊಳ್ಳಿ. 15 ನಿಮಿಷ, ಮೊಬೈಲ್ ದೂರ ಇಟ್ಟು, ಟಿವಿ ಆಫ್ ಮಾಡಿ.

ಮೊದಮೊದಲು ಕೆಲವರಿಗೆ ತಲೆ ಸುತ್ತಬಹುದು, ಅಳು ಬರಬಹುದು. ಹೋದ ಕಾಲು ಕಣ್ಣೆದುರು ಬಂದರೆ ಯಾರಿಗೆ ಅಳು ಬರಲ್ಲ? ಅವತ್ತಿಗೆ ನಿಲ್ಲಿಸಿ. ನೋವು ಜಾಸ್ತಿಯಾಗ್ತಾ ಹೋದರೆ ಬಿಟ್ಟುಬಿಟ್ಟು ಡಾಕ್ಟರಿಗೆ ಹೇಳಿ. ನಾಲ್ಕು ವಾರ ದಿನಾ ಮಾಡಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಎರಡೂ ಕಾಲು ಹೋದವರಿಗೆ ಈ ದಾರಿ ಇಲ್ಲ, ಅದೂ ನೆನಪಿರಲಿ.

ಗೋಡೆಗೆ ತೂಗುಹಾಕಿದ ಕಾಲು

ಎರಡನೇ ಸಾಧನ ಕೃತಕ ಕಾಲು. ಇದರಲ್ಲಿ ನಮ್ಮ ದೇಶದ ಹೆಸರು ದೊಡ್ಡದು. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾ. ಪಿ.ಕೆ. ಸೇಠಿ ಸೇರಿ ಜೈಪುರ ಕಾಲು ಮಾಡಿದರು. ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿನ ಗದ್ದೆಗೂ ಇಳಿಯಬಹುದು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ರೈತರಿಗೆ ಹೇಳಿ ಮಾಡಿಸಿದ ಕಾಲು ಇದು.

ಹಾಗಾದರೆ ಹಳ್ಳಿಗಳಲ್ಲಿ ಇಂಥ ಕಾಲುಗಳು ಗೋಡೆಗೆ, ಅಟ್ಟಕ್ಕೆ ಸೇರೋದು ಯಾಕೆ? ಸಮಸ್ಯೆ ಸಾಕೆಟ್‌ನಲ್ಲಿ. ಆಪರೇಷನ್ ಆದ ಮೇಲೆ ಮೊದಲ ತಿಂಗಳುಗಳಲ್ಲಿ ಸ್ಟಂಪ್ ಬಾವು ಇಳಿದು ಸಣ್ಣ ಆಗ್ತಾ ಹೋಗುತ್ತದೆ. ಅವತ್ತು ಅಳತೆ ತೆಗೆದ ಸಾಕೆಟ್ ಆರು ತಿಂಗಳಲ್ಲಿ ಸಡಿಲ. ಸಡಿಲ ಆದರೆ ಉಜ್ಜುತ್ತದೆ, ಉಜ್ಜಿದರೆ ಗಾಯ, ಗಾಯ ಆದರೆ ನೋವು. ಕ್ಯಾಂಪಿನವರು ಅಷ್ಟೊತ್ತಿಗೆ ಇನ್ನೊಂದು ಜಿಲ್ಲೆಯಲ್ಲಿರ್ತಾರೆ. ಫೋಟೊ ಉಳಿಯಿತು, ಕಾಲು ಮೂಲೆ ಸೇರಿತು.

ಇದು ಬರೀ ನಡಿಗೆಯ ಪ್ರಶ್ನೆ ಅಲ್ಲ. ಕೃತಕ ಕೈ ಹೆಚ್ಚು ಬಳಸುವವರಲ್ಲಿ ಇಲ್ಲದ ಕೈಯ ನೋವು ಕಡಿಮೆ ಇತ್ತು ಅಂತ 1999ರಲ್ಲಿ ಜರ್ಮನಿಯ ಸಂಶೋಧಕರು ಕಂಡುಕೊಂಡರು. ಅದು ಸ್ನಾಯುವಿನ ಸಂಕೇತದಿಂದ ಆಡೋ ದುಬಾರಿ ಕೈ, ನಿಜ. ಆದರೂ ಸರಿಯಾಗಿ ಕೂತ, ದಿನಾ ಬಳಸೋ ಅಂಗ ಮಿದುಳಿಗೆ ಸಮಾಧಾನ ಕೊಡಬಹುದು ಅನ್ನೋ ಸುಳಿವು ಅದರಲ್ಲಿದೆ. ಹಾಗಾಗಿ ಕ್ಯಾಂಪಿನಲ್ಲಿ ಕಾಲು ತಗೊಳ್ಳೋವಾಗ ಕೇಳಬೇಕಾದ ಪ್ರಶ್ನೆ ಒಂದೇ: "ಸಡಿಲ ಆದರೆ ಯಾರ ಹತ್ರ ಬರಬೇಕು? ಎಲ್ಲಿ, ಯಾವಾಗ?" ಉತ್ತರ ಕಾಗದದ ಮೇಲೆ ಬರೆಸಿಕೊಳ್ಳಿ.

ಮನೆಯಲ್ಲಿ ಮಾಡೋ ಕೆಲಸವೂ ಇದೆ. ಡಾಕ್ಟರ್ ತೋರಿಸಿದಂತೆ ಕ್ರೇಪ್ ಬ್ಯಾಂಡೇಜ್ ಕಟ್ಟೋದು, ದಿನಾ ಸೋಪಿನಿಂದ ತೊಳೆದು ಒಣಗಿಸೋದು, ಸ್ಟಂಪ್ ಕಾಲುಚೀಲ ದಿನಾ ಬದಲಿಸೋದು, ಕೈಗನ್ನಡಿ ಹಿಡಿದು ಕೆಳಗಡೆ ಗಾಯ ಇದೆಯಾ ನೋಡೋದು. ಗಾಯ ಪೂರ್ತಿ ಮಾಗಿದ ಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಬಟ್ಟೆಯಿಂದ ನಿಧಾನಕ್ಕೆ ಸವರಿ ಚರ್ಮಕ್ಕೆ ರೂಢಿ ಮಾಡಿಸೋದು. ಇದಕ್ಕೆ ಸಮಯ ಬೇಕು, ದುಡ್ಡು ಬೇಡ.

ಮಶೀನು, ಮಾತ್ರೆ: ದುಡ್ಡು ಎಲ್ಲಿ ಹಾಕಬೇಕು?

ನೋವಿದ್ದವರ ಮನೆಗೆ ಸಲಹೆ ಹೇಳೋರು ಬಹಳ. ಮೊಬೈಲ್‌ನಲ್ಲಿ ಜಾಹೀರಾತೂ ಬಹಳ. ಟೆನ್ಸ್ ಅನ್ನೋ ಸಣ್ಣ ಮಶೀನ್ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಬಿಡುತ್ತದೆ. ಕೆಲವರಿಗೆ ಆ ಹೊತ್ತಿಗೆ ಹಾಯೆನಿಸಬಹುದು. ಆದರೆ ಕಾಕ್ರೇನ್ ಸಂಸ್ಥೆಯವರು 2015ರಲ್ಲಿ ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಅಂಗ ಕಳೆದುಕೊಂಡವರ ನೋವಿಗೆ ಇದು ಕೆಲಸ ಮಾಡುತ್ತದೆ ಅಂತ ತೋರಿಸೋ ಸರಿಯಾದ ಒಂದು ಪರೀಕ್ಷೆಯೂ ಸಿಗಲಿಲ್ಲ. ಹಾಗಾಗಿ ಫಿಸಿಯೊಥೆರಪಿ ಕ್ಲಿನಿಕ್‌ನಲ್ಲಿ ಮೊದಲು ಹಾಕಿಸಿ ನೋಡಿ, ಆಮೇಲೆ ಕೊಳ್ಳೋ ಯೋಚನೆ ಮಾಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕಂಪ್ಯೂಟರ್ ಪರದೆಯಲ್ಲಿ ಇಲ್ಲದ ಕೈ ತೋರಿಸಿ ಆಡಿಸೋ ತಂತ್ರವೂ ಬಂದಿದೆ. 2016ರಲ್ಲಿ ಸ್ವೀಡನ್ ಸಂಶೋಧಕರು ಬೇರೆ ಯಾವುದಕ್ಕೂ ಬಗ್ಗದ ನೋವಿದ್ದ 14 ಜನರ ಮೇಲೆ ಇದನ್ನು ಮಾಡಿದಾಗ ನೋವು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಹೋಲಿಸಿ ನೋಡೋಕೆ ಬೇರೆ ಗುಂಪು ಇರಲಿಲ್ಲ. ನಮ್ಮ ತಾಲ್ಲೂಕಿಗೆ ಇದು ಇನ್ನೂ ದೂರದ ಮಾತು.

ಮಾತ್ರೆ ವಿಷಯದಲ್ಲಿ ಹುಷಾರು. ಮೈಕೈ ನೋವಿಗೆ ತಗೊಳ್ಳೋ ಮಾತ್ರೆ ನರದ ನೋವಿಗೆ ಸಾಮಾನ್ಯವಾಗಿ ನಾಟೋದಿಲ್ಲ. ನರದ ನೋವಿಗೆ ಡಾಕ್ಟರ್ ಕೊಡೋ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ತರದ ಔಷಧಗಳೇ ಬೇರೆ. ಅವುಗಳ ಪ್ರಮಾಣ ಡಾಕ್ಟರೇ ಹೇಳಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಡೈಕ್ಲೊಫೆನಾಕ್‌ನಂಥ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು ಬೀಳ್ತದೆ. ಕಾಲು ಹೋದ ಮನೆಗೆ ಡಯಾಲಿಸಿಸ್ ಖರ್ಚೂ ಬಂದರೆ ಆ ಮನೆ ಏಳೋದು ಹೇಗೆ? ಮೆಡಿಕಲ್ ಶಾಪ್ ಅಣ್ಣಂದಿರೇ, ವಾರಕ್ಕೆರಡು ಸಲ ಅದೇ ಮಾತ್ರೆ ಕೇಳಿಕೊಂಡು ಬರೋರಿಗೆ "ಒಂದ್ಸಲ ದೊಡ್ಡಾಸ್ಪತ್ರೆಗೆ ತೋರಿಸ್ರಿ" ಅಂತ ಒಂದು ಮಾತು ಹೇಳಿ. ನಿಮ್ಮ ಮಾತಿಗೆ ಬೆಲೆ ಇದೆ.

ಎಲ್ಲಿಗೆ ಹೋಗಬೇಕು?

ಹರಪನಹಳ್ಳಿ ಕಡೆಯವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಕೇಂದ್ರ ಸರ್ಕಾರದ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಜನ ಸಿಆರ್‌ಸಿ ಅಂತಾರೆ. ಕೃತಕ ಅಂಗ, ಫಿಸಿಯೊಥೆರಪಿ ಎರಡರ ಬಗ್ಗೆಯೂ ಅಲ್ಲಿ ವಿಚಾರಿಸಬಹುದು. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೇಲೆಯೇ ಹೋಗೋದರಿಂದ ಈ ಮೂರೂ ಊರಿನವರಿಗೆ ಆ ದಿಕ್ಕು ಅನುಕೂಲ. ಹಡಗಲಿ ಕಡೆಯವರು ಹುಬ್ಬಳ್ಳಿಗೆ ಹೋಗಿ ಬರೋದು ರೂಢಿ. ಅಲ್ಲಿ ಮಹಾವೀರ ಲಿಂಬ್ ಸೆಂಟರ್ ಜೈಪುರ ಕಾಲು ಉಚಿತವಾಗಿ ಕೊಡುತ್ತ ಬಂದಿದೆ. ಕೂಡ್ಲಿಗಿಯವರಿಗೆ ಬಳ್ಳಾರಿಯ ವಿಮ್ಸ್ ಇದೆ. ಹೆಸರು ಬದಲಾದರೂ ನಮ್ಮವರಿಗೆ ಅದು ಇನ್ನೂ ವಿಮ್ಸೇ. ಎಲ್ಲಿಗೇ ಹೋಗಿ, ಹೊರಡೋ ಮೊದಲು ಫೋನ್ ಮಾಡಿ ದಿನ ಕೇಳಿಕೊಳ್ಳಿ. ಕಾಲಿಲ್ಲದವರಿಗೆ ಎರಡೆರಡು ಸಲ ಬಸ್ಸು ಹತ್ತೋದು ಸುಲಭ ಅಲ್ಲ.

ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಸಾಧನ ಸಲಕರಣೆ ಕೊಡಿಸೋದು ಅದರ ಕೆಲಸ. ಅರ್ಜಿ ಎಲ್ಲಿ ಕೊಡಬೇಕು ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯ್ತಿಯ ಎಂಆರ್‌ಡಬ್ಲ್ಯೂ ಕೇಳಿ. ಅವರನ್ನು ನೇಮಿಸಿರೋದೇ ಇದಕ್ಕೆ.

ಈಗ ಕೇಳಬೇಕಾದ್ದು

2016ರ ಕಾಯ್ದೆಯ 25ನೇ ಕಲಂ ವಿಕಲಚೇತನರಿಗೆ ಮನೆಯ ಹತ್ತಿರವೇ, ಅದರಲ್ಲೂ ಹಳ್ಳಿಗಳಲ್ಲಿ, ಆದಾಯದ ಮಿತಿಗೆ ಒಳಪಟ್ಟು ಉಚಿತ ಆರೋಗ್ಯ ಸೇವೆ ಸಿಗಬೇಕು ಅನ್ನುತ್ತದೆ. ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ ಯಾವುದೂ ನಮ್ಮ ಮನೆಯ ಹತ್ತಿರ ಅಲ್ಲ. ಪಶ್ಚಿಮ ತಾಲ್ಲೂಕುಗಳು ದೂರ ಆಗ್ತವೆ ಅಂತಲೇ ಅಲ್ಲವೇ 2021ರಲ್ಲಿ ವಿಜಯನಗರ ಜಿಲ್ಲೆ ಮಾಡಿದ್ದು?

ಐದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಸ್ಟಂಪ್ ಮತ್ತು ನೋವು ತಪಾಸಣೆ ಇಡೋಕೆ ಹೊಸ ಕಟ್ಟಡ ಬೇಡ. ಒಂದು ಕೋಣೆ, ಒಂದು ಮಂಚ, ಒಬ್ಬ ಫಿಸಿಯೊಥೆರಪಿಸ್ಟ್, ಎರಡು ಕನ್ನಡಿ. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಪುರಸಭೆ, ಪಟ್ಟಣ ಪಂಚಾಯ್ತಿ, ಗ್ರಾಮ ಪಂಚಾಯ್ತಿ ಆ ದುಡ್ಡಿನಲ್ಲಿ ಕನ್ನಡಿ ಕೊಡಿಸಬಹುದು. ವಿಆರ್‌ಡಬ್ಲ್ಯೂಗಳಿಗೆ ಒಂದು ದಿನದ ತರಬೇತಿ ಕೊಟ್ಟರೆ ಅವರು ಮನೆಗೆ ಹೋಗಿ ಕಲಿಸಬಹುದು. ಪಟ್ಟಿ ಮಾಡೋವಾಗ ಎರಡು ಪ್ರಶ್ನೆ ಸೇರಿಸಿದರೆ ಸಾಕು: ಇಲ್ಲದ ಕಾಲು ನೋಯ್ತದಾ? ಕೊಟ್ಟ ಕಾಲು ಹಾಕ್ಕೋತೀರಾ?

ಮುಂದಿನ ಗ್ರಾಮಸಭೆಯಲ್ಲಿ ಈ ಎರಡು ಪ್ರಶ್ನೆ ಯಾರಾದರೂ ಎದ್ದು ನಿಂತು ಕೇಳಬೇಕು. ಎದ್ದು ನಿಲ್ಲೋಕೆ ಕಾಲಿಲ್ಲದವರ ಪರವಾಗಿ ಕಾಲಿದ್ದವರು ಎದ್ದರೂ ತಪ್ಪಿಲ್ಲ. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಈ ಸುದ್ದಿ ಅವರಿಗೆ ಓದಿ ಹೇಳಿ. ನೋವು ಇದೆ ಅಂದರೆ ನಂಬಿ. ಚಿಕಿತ್ಸೆ ಶುರುವಾಗೋದೇ ಅಲ್ಲಿಂದ.